ಕುಳಿಗಳನ್ನು ತಂದರು, ಗೋಮಾಳವನ್ನು ಬಿಟ್ಟರು!

ಅಮೆರಿಕದ ಕನೆಕ್ಟಿಕಟ್ ಸಂಸ್ಥಾನದ ನ್ಯೂಹೇವನ್ ಪಟ್ಟಣದಲ್ಲಿ ಒಂದು ಜೀರ್ಣೋದ್ಧಾರ ಕಾರ್ಯ ಕೈಗೊಂಡರು. ಗುಡಿಯದಲ್ಲ, ಕೆರೆಯದಲ್ಲ, ಗಾಲ್ಫ್ ಮೈದಾನದ್ದು! ಯೇಲ್ ವಿಶ್ವವಿದ್ಯಾನಿಲಯಕ್ಕೆ ಸೇರಿದ ಆ ಮೈದಾನವನ್ನು 2023ರ ಆಟದ ಕಾಲ ಮುಗಿದ ಮೇಲೆ ಮುಚ್ಚಿ, ಗಿಲ್ ಹ್ಯಾನ್ಸ್ ಎಂಬ ಹೆಸರಾಂತ ವಿನ್ಯಾಸಗಾರರ ಕೈಗೆ ಒಪ್ಪಿಸಿದರು. 1926ರಲ್ಲಿ ಅದನ್ನು ಕಟ್ಟಿದವರ ಮನಸ್ಸಿನಲ್ಲಿ ಏನಿತ್ತೋ ಅದನ್ನೇ ಮರಳಿ ನೆಲದ ಮೇಲೆ ತರಬೇಕು ಎಂಬುದು ಅವರಿಗೆ ವಹಿಸಿದ ಕೆಲಸ.

ಅದರಿಂದ ನಮಗೇನು? ಎಂದು ನೀವು ಕೇಳುವುದು ನ್ಯಾಯವೇ. ರಾತ್ರಿ ಪಾಳಿ ಮುಗಿಸಿ ಬಂದ ಗಿರಣಿಯ ಕಾರ್ಮಿಕನಿಗೂ, ಸಂತೆಯಲ್ಲಿ ತಕ್ಕಡಿ ಹಿಡಿದು ಬಿಸಿಲಿಗೆ ನಿಂತ ಸಣ್ಣ ವ್ಯಾಪಾರಿಗೂ ಅಮೆರಿಕದ ಶ್ರೀಮಂತರ ಚೆಂಡಾಟದಿಂದ ಆಗಬೇಕಾದ್ದೇನು? ಆಗಬೇಕಾದ್ದು ಇದೆ, ಸಂಗಾತಿಗಳೇ. ಆ ವಿಶ್ವವಿದ್ಯಾನಿಲಯದ ಹೆಸರನ್ನೇ ತೆಗೆದುಕೊಳ್ಳಿ. ಎಲಿಹು ಯೇಲ್ ಎಂಬಾತ 1687ರಿಂದ 1692ರವರೆಗೆ ಮದರಾಸಿನ ಸೇಂಟ್ ಜಾರ್ಜ್ ಕೋಟೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಗವರ್ನರನಾಗಿದ್ದ. ಸ್ವಂತ ವ್ಯಾಪಾರ ಅತಿಯಾಯಿತೆಂದು ಆ ಕಂಪನಿಯೇ ಅವನನ್ನು ಪದವಿಯಿಂದ ಇಳಿಸಿತು. ಕಂಪನಿಗೇ ಅತಿಯೆನಿಸಿದ ದುರಾಸೆ ಎಷ್ಟಿದ್ದೀತು, ಊಹಿಸಿಕೊಳ್ಳಿ! ಆ ಸಂಪತ್ತಿನಿಂದ 1718ರಲ್ಲಿ ಅವನು ಅಮೆರಿಕದ ಒಂದು ಬಡ ಕಾಲೇಜಿಗೆ 417 ಪುಸ್ತಕಗಳನ್ನೂ, ಇಂಗ್ಲೆಂಡಿನ ರಾಜನ ಚಿತ್ರಪಟವನ್ನೂ, ಒಂಬತ್ತು ಮೂಟೆ ಸರಕನ್ನೂ ಕಳಿಸಿಕೊಟ್ಟ. ಆ ಸರಕನ್ನು ಮಾರಿ ಕಾಲೇಜಿನವರು ಹಣ ಮಾಡಿಕೊಂಡರು, ಕಾಲೇಜಿಗೆ ದಾನಿಯ ಹೆಸರಿಟ್ಟರು. ಆ ದಾನದ ಹಿಂದಿನ ಹಣ ಕೂಡಿದ್ದು ಮದರಾಸಿನ ವ್ಯಾಪಾರದಲ್ಲಿ. ಆ ವ್ಯಾಪಾರ ನಿಂತದ್ದು ನಮ್ಮ ನೇಕಾರರ ಬೆನ್ನ ಮೇಲೆ. ಆದುದರಿಂದ ಯೇಲ್ ಅಂಗಳದಲ್ಲಿ ಏನು ನಡೆಯುತ್ತದೆಂದು ಇಣುಕಿ ನೋಡಲು ನೂಲಿನ ಧೂಳು ಕುಡಿದವರಿಗೆ ಸ್ವಲ್ಪ ಹಕ್ಕು ಇದೆಯೆಂದೇ ನನ್ನ ಅಭಿಪ್ರಾಯ.

ಈಗ ಆಟದ ವಿಷಯ. ಗಾಲ್ಫ್ ಎಂದರೆ ಕೋಲಿನಿಂದ ಸಣ್ಣ ಚೆಂಡನ್ನು ಹೊಡೆಯುತ್ತ ಹೋಗಿ ದೂರದ ಕುಳಿಯಲ್ಲಿ ಬೀಳಿಸುವುದು. ಅಂಥ ಹದಿನೆಂಟು ಕುಳಿಗಳು. ಎಲ್ಲವನ್ನೂ ಕಡಮೆ ಹೊಡೆತಗಳಲ್ಲಿ ಮುಗಿಸಿದವನು ಗೆದ್ದ. ನಡುವೆ ಮರಳುಗುಂಡಿ, ದಿಬ್ಬ, ನೀರು ಮುಂತಾದ ಅಡಚಣೆಗಳು. ಕುಳಿಯ ಸುತ್ತ ನುಣ್ಣಗೆ ಕತ್ತರಿಸಿದ ಹಸಿರುಹಾಸು. ಇಷ್ಟೇ ಆಟ. ಆದರೆ ಎಲ್ಲಿ ಗುಂಡಿ ತೋಡಬೇಕು, ಎಲ್ಲಿ ದಿಬ್ಬ ಬಿಡಬೇಕು ಎಂಬುದು ದೊಡ್ಡ ವಿದ್ಯೆಯಾಗಿ ಬೆಳೆದಿದೆ.

ಯೇಲ್‌ನ ಮೈದಾನಕ್ಕೆ ನೆಲ ಬಂದದ್ದು 1924ರಲ್ಲಿ. ರೇ ಟಾಂಪ್ಕಿನ್ಸ್ ಎಂಬ ಹಳೆಯ ವಿದ್ಯಾರ್ಥಿಯ ನೆನಪಿಗಾಗಿ ಆತನ ವಿಧವೆ ಊರಿನ ಪಶ್ಚಿಮದ ಅಂಚಿನಲ್ಲಿ ಸುಮಾರು 700 ಎಕರೆ ಕೊಟ್ಟರು. ಕಾಡು, ಬಂಡೆ, ಜೌಗು. ಸಿಡಿಮದ್ದಿಟ್ಟು ಬಂಡೆ ಸೀಳಿ, ಜೌಗು ತುಂಬಿ ಮೈದಾನ ಮಾಡಿದರು. ಆ ಕಾಲದ ಅತ್ಯಂತ ದುಬಾರಿ ಗಾಲ್ಫ್ ಮೈದಾನಗಳಲ್ಲಿ ಅದೊಂದು. ಚಾರ್ಲ್ಸ್ ಬ್ಲೇರ್ ಮ್ಯಾಕ್‌ಡೊನಾಲ್ಡ್ ಮತ್ತು ಸೇತ್ ರೇನರ್ ಎಂಬಿಬ್ಬರು ವಿನ್ಯಾಸಗಾರರ ಹೆಸರನ್ನು ಗಾಲ್ಫ್ ಪುಸ್ತಕಗಳು ಭಕ್ತಿಯಿಂದ ಬರೆಯುತ್ತವೆ. ಬಂಡೆ ಒಡೆದವರ ಹೆಸರು ಅಷ್ಟು ಭಕ್ತಿಯಿಂದ ಬರೆದದ್ದನ್ನು ನಾನು ಕಂಡಿಲ್ಲ.

ಈ ಮ್ಯಾಕ್‌ಡೊನಾಲ್ಡರ ಕಥೆಯಲ್ಲೇ ನನ್ನ ವಾದದ ಬೇರು ಇದೆ. ಷಿಕಾಗೋದ ಈ ಹುಡುಗನನ್ನು ಹದಿನಾರನೆಯ ವಯಸ್ಸಿಗೆ, 1872ರಲ್ಲಿ, ಓದಲೆಂದು ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ಗೆ ಅಜ್ಜನ ಮನೆಗೆ ಕಳಿಸಿದರು. ಓದಿನ ಜೊತೆಗೆ ಅಲ್ಲಿ ಗಾಲ್ಫ್ ಹುಚ್ಚು ಹಿಡಿಯಿತು. ಆಗ ಆ ಊರಿನ ಮೈದಾನವನ್ನು ನೋಡಿಕೊಳ್ಳುತ್ತಿದ್ದವನು ಟಾಮ್ ಮಾರಿಸ್, ಗಾಲ್ಫ್ ಲೋಕಕ್ಕೆಲ್ಲ ಅಜ್ಜನಂತಿದ್ದವನು. ಅವನು ಯಾರ ಮಗ ಬಲ್ಲಿರಾ? ಒಬ್ಬ ನೇಕಾರನ ಮಗ! ದೊರೆಗಳ ಆಟವೆಂದು ನಾವು ಮೂಗು ಮುರಿಯುವ ಈ ಆಟ ಬೆಳೆದದ್ದು ಅಂಥವರ ಕೈಯಲ್ಲಿ.

ಅದು ಬೆಳೆದ ನೆಲ ಎಂಥದು? ನಮ್ಮ ಭಾಷೆಯಲ್ಲಿ ಒಂದೇ ಮಾತಿನಲ್ಲಿ ಹೇಳಬಹುದು: ಗೋಮಾಳ. ಕಡಲ ದಂಡೆಯ ಮರಳು ಮಿಶ್ರಿತ ಹುಲ್ಲುಗಾವಲು, ಊರಿನವರಿಗೆ ಸೇರಿದ್ದು. ಅಲ್ಲಿ ದನ ಕುರಿ ಮೇಯಿಸಲು, ಹುಲ್ಲುಹೆಂಟೆ ಕಡಿಯಲು, ಚೆಂಡಾಡಲು ಊರ ಜನರಿಗೆ ಹಕ್ಕುಂಟೆಂದು 1552ರಲ್ಲೇ ಅಲ್ಲಿನ ಆರ್ಚ್‌ಬಿಷಪ್ ಬರೆದುಕೊಟ್ಟ ಸನ್ನದು ಇದೆ. 1797ರಲ್ಲಿ ದಿವಾಳಿಯೆದ್ದ ಪುರಸಭೆ ಆ ನೆಲವನ್ನು ಪರಭಾರೆ ಮಾಡಿ ಅದು ಮೊಲದ ವ್ಯಾಪಾರಿಗಳ ಕೈಗೆ ಹೋದಾಗ ಊರಿನಲ್ಲಿ ಹೊಡೆದಾಟ, ಕೋರ್ಟು ಕಚೇರಿ ಎಲ್ಲವೂ ಆಯಿತು. 1894ರಲ್ಲಿ ಪಾರ್ಲಿಮೆಂಟಿನ ಕಾನೂನಿನ ಮೂಲಕ ಊರು ತನ್ನ ನೆಲವನ್ನು ಮರಳಿ ಪಡೆಯಿತು. 1974ರಿಂದ ಇನ್ನೊಂದು ಕಾನೂನಿನ ಪ್ರಕಾರ ಒಂದು ಟ್ರಸ್ಟು ಅದನ್ನು ಸಾರ್ವಜನಿಕರಿಗಾಗಿ ನಡೆಸುತ್ತಿದೆ. ಇಂದಿಗೂ ಪ್ರಪಂಚದ ಅತಿ ಪ್ರಸಿದ್ಧ ಗಾಲ್ಫ್ ಮೈದಾನವಾದ ಅಲ್ಲಿನ ಓಲ್ಡ್ ಕೋರ್ಸಿನಲ್ಲಿ ಸಾಮಾನ್ಯವಾಗಿ ಭಾನುವಾರ ಆಟವಿಲ್ಲ. ಅಂದು ಊರಿನ ಮುದುಕರು, ಮಕ್ಕಳು, ನಾಯಿಗಳು ಹಸಿರಿನ ಮೇಲೆ ಅಡ್ಡಾಡುತ್ತಾರೆ. ಮೊದಲನೆಯ ಮತ್ತು ಕೊನೆಯ ಕುಳಿಯ ದಾರಿಯನ್ನು ಒಂದು ಸಾರ್ವಜನಿಕ ರಸ್ತೆಯೇ ಅಡ್ಡ ಹಾಯುತ್ತದೆ. ದಾರಿಹೋಕ ದಾಟುವ ತನಕ ಆಟಗಾರ ಕಾಯಬೇಕು!

ಈ ಗೋಮಾಳದಿಂದಲೇ ಆ ಆಟದ ಗುಣ ಬಂತು. ನೆಲ ಅಗಲ, ಎಲ್ಲರೂ ಹಾಯುವ ಜಾಗ ತಾನೆ? ಗಟ್ಟಿಗ ಗುಂಡಿಯ ಅಂಚಿಗೇ ಚೆಂಡು ಹೊಡೆದು ಒಂದು ಹೊಡೆತ ಉಳಿಸಬಹುದು. ಅಳುಕಿದವನು ಸುತ್ತಿ ಹೋಗಿ ಒಂದು ಹೊಡೆತ ಹೆಚ್ಚು ತೆರಬಹುದು. ತೋಳಿನಲ್ಲಿ ಬಲವಿಲ್ಲದ ಮುದುಕ ಚೆಂಡನ್ನು ನೆಲದ ಮೇಲೇ ಉರುಳಿಸಿಕೊಂಡು ಹೋದರೂ ಊರು ಮುಟ್ಟುತ್ತಾನೆ. ಯಾರನ್ನೂ ಹೊರಗಿಡದ ನೆಲದಿಂದ ಯಾರನ್ನೂ ಹೊರಗಿಡದ ಆಟ ಹುಟ್ಟಿತು. ಗಾಲ್ಫ್ ವಿನ್ಯಾಸದ ಪಂಡಿತರು ಇಂದಿಗೂ ಹೊಗಳುವುದು ಈ ಗುಣವನ್ನೇ.

ಮ್ಯಾಕ್‌ಡೊನಾಲ್ಡರಿಗೆ ಇದು ಗೊತ್ತಿತ್ತು. ಸ್ಕಾಟ್ಲೆಂಡಿನ ಒಳ್ಳೊಳ್ಳೆಯ ಕುಳಿಗಳನ್ನು ಅಳೆದು, ನಕ್ಷೆ ಮಾಡಿ, ಅಮೆರಿಕಕ್ಕೆ ಹೊತ್ತು ತಂದರು. ಯೇಲ್‌ನ ಮೈದಾನದಲ್ಲಿ ನಡೆದರೆ ಅವೆಲ್ಲ ಸಾಲಾಗಿ ಸಿಗುತ್ತವೆ. ಹದಿಮೂರನೆಯದು ನಾರ್ತ್ ಬೆರಿಕ್‌ನ ರೆಡಾನ್. ಹನ್ನೆರಡನೆಯದು ಪ್ರೆಸ್ಟಿಕ್‌ನ ಆಲ್ಪ್ಸ್. ಹದಿನೈದನೆಯದು ಸೇಂಟ್ ಆಂಡ್ರೂಸ್‌ನ ಈಡನ್. ಒಂಬತ್ತನೆಯದು ಫ್ರಾನ್ಸಿನ ಬಿಯಾರಿಟ್ಸ್ ಊರಿನ ಹೆಸರಿನದು. 200 ಗಜಕ್ಕೂ ಮಿಕ್ಕಿ ದೂರ, ನಡುವೆ ಕೊಳ, ಆಚೆಗೆ ಬೃಹತ್ತಾದ ಹಸಿರುಹಾಸು, ಅದರ ಮಧ್ಯದಲ್ಲಿ ಆಳೆತ್ತರಕ್ಕೆ ಸಮೀಪವಾದ ಕಣಿವೆ. ನೋಡಿದವರು ಬೆರಗಾಗುತ್ತಾರಂತೆ, ಆಗಲಿ. ಕಲ್ಲಿನಲ್ಲಿ ಇಷ್ಟು ಕೆತ್ತಿದ ಜಾಣ್ಮೆಯನ್ನು ಅಲ್ಲಗಳೆಯುವ ಕುರುಡ ನಾನಲ್ಲ.

ಆದರೆ ನಾಲ್ಕನೆಯ ಕುಳಿಯನ್ನು ನೋಡಿ. ಅದರ ಹೆಸರು ರೋಡ್ ಹೋಲ್, ಅಂದರೆ ರಸ್ತೆಯ ಕುಳಿ. ಸೇಂಟ್ ಆಂಡ್ರೂಸ್‌ನ ಹದಿನೇಳನೆಯದರ ನಕಲು. ಅಲ್ಲಿ ಹಸಿರುಹಾಸಿನ ಬೆನ್ನಿಗೇ ನಿಜವಾದ ರಸ್ತೆಯಿದೆ, ಜನ ನಡೆದ ಹಳೆಯ ರಸ್ತೆ. ಅದರ ಮೇಲೆ ಚೆಂಡು ಬಿದ್ದರೆ ರಸ್ತೆಯ ಮೇಲಿನಿಂದಲೇ ಹೊಡೆಯಬೇಕು. ಯೇಲ್‌ನಲ್ಲಿ? ರಸ್ತೆಯ ಕುಳಿ ಇದೆ, ರಸ್ತೆ ಇಲ್ಲ! ಇದಕ್ಕಿಂತ ದೊಡ್ಡ ಟೀಕೆಯನ್ನು ನಾನು ಬರೆಯಬೇಕಾಗಿಲ್ಲ. ಆ ಮೈದಾನ ತನ್ನ ಟೀಕೆಯನ್ನು ತಾನೇ ಬರೆದುಕೊಂಡಿದೆ. ಮೊದಲ ಹೊಡೆತವೇ ನೀರಿನ ಮೇಲೆ ಹಾಯಬೇಕು, ಒಂಬತ್ತನೆಯದರಲ್ಲಿ ಮತ್ತೆ ನೀರು. ಸೇಂಟ್ ಆಂಡ್ರೂಸ್‌ನ ಮುದುಕ ಉರುಳಿಸಿಕೊಂಡು ಹೋಗುತ್ತಿದ್ದ ಚೆಂಡು ಇಲ್ಲಿ ಕೊಳದ ಪಾಲು. ಹಾರಿಸಬಲ್ಲವನಿಗೆ ಮಾತ್ರ ಪ್ರವೇಶ. ಬಾಗಿಲಲ್ಲಿ ಕಾವಲುಗಾರ, ಒಳಗೆ ಕೊಳ. ಎರಡರ ಕೆಲಸವೂ ಒಂದೇ.

ಕಾಲ ಕಳೆದಂತೆ ಮರ ಬೆಳೆದು ಓಣಿಗಳು ಕಿರಿದಾದವು, ಹಸಿರುಹಾಸುಗಳು ಕುಗ್ಗಿದವು. 1990ರ ದಶಕದ ಕೊನೆಯಿಂದ ಮರಳುಗುಂಡಿಗಳ ದುರಸ್ತಿ ನಡೆದಾಗ ಹಳೆಯ ಆಕಾರ ಕೆಟ್ಟಿತೆಂದು ಪಂಡಿತರು ದೊಡ್ಡ ಗದ್ದಲ ಎಬ್ಬಿಸಿದರು. ಅದಕ್ಕೆ ಈಗ ಪ್ರಾಯಶ್ಚಿತ್ತ: ಮರ ಕಡಿದು ಓಣಿ ಅಗಲ ಮಾಡುವುದು, ಹಸಿರುಹಾಸನ್ನು ಹಿಂದಿನ ಅಳತೆಗೆ ಹಿಗ್ಗಿಸುವುದು, ಗುಂಡಿಗಳ ಅಂಚನ್ನು ಹಳೆಯ ಚಿತ್ರಗಳೊಡನೆ ಹೋಲಿಸಿ ಕೆತ್ತುವುದು. ಅಂಗುಲ ಅಂಗುಲಕ್ಕೂ ಲೆಕ್ಕ! ಗುಂಡಿಯ ಆಳ ಅಳೆದವರಲ್ಲಿ ಒಬ್ಬರಾದರೂ ಬಾಗಿಲಿನ ಅಗಲ ಅಳೆದರೆ?

ಬಾಗಿಲು ಕಿರಿದು. ಆ ಮೈದಾನ ಇರುವುದು ವಿಶ್ವವಿದ್ಯಾನಿಲಯದವರಿಗೆ, ಹಳೆಯ ವಿದ್ಯಾರ್ಥಿಗಳಿಗೆ, ಸದಸ್ಯರಿಗೆ, ಅವರ ಅತಿಥಿಗಳಿಗೆ. ನ್ಯೂಹೇವನ್ ಯಾವ ಊರು? ವಿಂಚೆಸ್ಟರ್ ಬಂದೂಕು ಕಾರ್ಖಾನೆಯಲ್ಲಿ ಸಾವಿರಾರು ಜನ ದುಡಿದ ಊರು. ಕಾರ್ಖಾನೆ 2006ರಲ್ಲಿ ಬಾಗಿಲು ಹಾಕಿತು. ಉಳಿದ ದೊಡ್ಡ ಧಣಿ ವಿಶ್ವವಿದ್ಯಾನಿಲಯವೇ. ಅದರ ಗುಮಾಸ್ತರು, ಬಹುಪಾಲು ಹೆಂಗಸರು, ನ್ಯಾಯವಾದ ಸಂಬಳಕ್ಕಾಗಿ 1984ರಲ್ಲಿ ಹತ್ತು ವಾರ ಮುಷ್ಕರ ಹೂಡಬೇಕಾಯಿತು. ವಿದ್ಯೆಗೆ ಬಳಸುವ ಆಸ್ತಿಗೆ ಕಾನೂನಿನಂತೆ ತೆರಿಗೆಯಿಲ್ಲ. ವಿಶ್ವವಿದ್ಯಾನಿಲಯ, ಆಸ್ಪತ್ರೆ, ಸರ್ಕಾರ ಮುಂತಾದವುಗಳ ಲೆಕ್ಕ ಸೇರಿದರೆ ಊರಿನ ಅರ್ಧಕ್ಕಿಂತ ಹೆಚ್ಚು ಆಸ್ತಿ ತೆರಿಗೆಯ ಹೊರಗಿದೆ. ಉಳಿದ ಭಾರ ಯಾರ ಮೇಲೆ? ಸಣ್ಣ ಮನೆಯವನ ಮೇಲೆ, ಸಣ್ಣ ಅಂಗಡಿಯವನ ಮೇಲೆ. ಯೇಲ್‌ನ ನಿಧಿ 2024ರ ಜೂನ್ ಕೊನೆಗೆ 4,140 ಕೋಟಿ ಡಾಲರ್. 2021ರಲ್ಲಿ ಅದು ಊರಿಗೆ ಸ್ವಯಂ ಇಚ್ಛೆಯಿಂದ ಕೊಡಲೊಪ್ಪಿದ್ದು ಆರು ವರ್ಷಕ್ಕೆ ಒಟ್ಟು ಸುಮಾರು 13.5 ಕೋಟಿ ಡಾಲರ್. ಸ್ವಯಂ ಇಚ್ಛೆ! ಬಡವ ಕೊಟ್ಟರೆ ಕಂದಾಯ, ಶ್ರೀಮಂತ ಕೊಟ್ಟರೆ ದಾನ.

ಎದುರಾಳಿಗಳ ಮಾತನ್ನೂ ಕೇಳೋಣ. ಖಾಸಗಿ ವಿಶ್ವವಿದ್ಯಾನಿಲಯ, ದಾನ ಬಂದ ನೆಲ, ನಿಮಗೇಕೆ ಹೊಟ್ಟೆಕಿಚ್ಚು? ಎನ್ನುತ್ತಾರೆ. ಊರು ಬಿಟ್ಟುಕೊಟ್ಟ ತೆರಿಗೆಯ ನೆರಳಿನಲ್ಲಿ ಬೆಳೆದ ಸಂಸ್ಥೆ ಪೂರ್ತಿ ಖಾಸಗಿ ಹೇಗಾದೀತು? ಊರಿನವರಿಗೆ ಬೇರೆ ಮೈದಾನ ಇದೆಯಲ್ಲ ಎನ್ನುತ್ತಾರೆ. ಇದೆ, ಆಲಿಂಗ್ ಮೆಮೋರಿಯಲ್ ಎಂಬ ಪುರಸಭೆಯ ಮೈದಾನ, ಒಳ್ಳೆಯದೇ. ಆದರೆ ನಿಮಗೆ ಬೇರೆ ಬಾವಿ ಇದೆಯಲ್ಲ ಎಂಬ ಮಾತನ್ನು ನಮ್ಮ ದೇಶದಲ್ಲಿ ನಾವು ಬೇಕಾದಷ್ಟು ಕೇಳಿದ್ದೇವೆ. ಅದರ ಅರ್ಥ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಎಲ್ಲರನ್ನೂ ಬಿಟ್ಟರೆ ಮೈದಾನ ಕೆಡುತ್ತದೆ ಎನ್ನುವವರು ನ್ಯೂಯಾರ್ಕಿನ ಬೆತ್‌ಪೇಜ್‌ಗೆ ಹೋಗಿ ನೋಡಲಿ. ಸಂಸ್ಥಾನದ ಸಾರ್ವಜನಿಕ ಉದ್ಯಾನ ಅದು. ಅದರ ಬ್ಲ್ಯಾಕ್ ಕೋರ್ಸನ್ನು ದೊಡ್ಡ ಮುಗ್ಗಟ್ಟಿನ ಕಾಲದಲ್ಲಿ ನಿರುದ್ಯೋಗಿಗಳಿಗೆ ಸರ್ಕಾರ ಕೆಲಸ ಕೊಟ್ಟು ಕಟ್ಟಿಸಿತು, 1936ರಲ್ಲಿ ತೆರೆಯಿತು. ಹಣ ತೆತ್ತು ಚೀಟಿ ಪಡೆದ ಯಾರೂ ಅಲ್ಲಿ ಆಡಬಹುದು. 2002ರಲ್ಲಿ ಅಮೆರಿಕದ ಅತಿ ದೊಡ್ಡ ಪಂದ್ಯವಾದ ಯು.ಎಸ್. ಓಪನ್ ಆ ಸಾರ್ವಜನಿಕ ನೆಲದ ಮೇಲೇ ನಡೆಯಿತು. ಜನ ತುಳಿದರೆ ಕೆಡುವುದು ಹುಲ್ಲಲ್ಲ, ಕೆಲವರ ಠೀವಿ.

ನಾನು ಮೇಷ್ಟ್ರಾಗಿದ್ದ ಹಳ್ಳಿಯಲ್ಲಿ ಶಾಲೆಯ ಹಿಂದೆ ಗೋಮಾಳವಿತ್ತು. ಮಕ್ಕಳು ಅಲ್ಲೇ ಲಗೋರಿ, ಚಿಣ್ಣಿಕೋಲು ಆಡುತ್ತಿದ್ದರು. ಒಂದು ಬೇಸಿಗೆ ರಜೆ ಮುಗಿಸಿ ಬರುವಷ್ಟರಲ್ಲಿ ಸುತ್ತ ತಂತಿಬೇಲಿ ಎದ್ದಿತ್ತು. ಒಳಗೆ ಹುಲ್ಲು ಮೊದಲಿಗಿಂತ ಹುಲುಸಾಗಿ ಬೆಳೆಯಿತು, ನಿಜ. ಬೇಲಿಗೆ ಮುಖವಿಟ್ಟು ನಿಂತ ಒಬ್ಬ ಹುಡುಗ ನನ್ನನ್ನು ಕೇಳಿದ: ‘ಸಾ, ಇದು ಚೆನ್ನಾಗಾಯ್ತೋ, ಕೆಟ್ಟೋಯ್ತೋ?’ ಅಂದು ನಾನು ಉತ್ತರ ಹೇಳದೆ ಗಂಟೆ ಬಾರಿಸಲು ಹೋದೆ. ಯೇಲ್‌ನ ಸುದ್ದಿ ಓದಿದಾಗ ಆ ಹುಡುಗನ ಪ್ರಶ್ನೆಯೇ ನೆನಪಾಯಿತು.

ಜೀರ್ಣೋದ್ಧಾರವೆಂದರೆ ಮೂಲಕ್ಕೆ ಮರಳುವುದು. ಹಾಗಾದರೆ 1926ಕ್ಕೆ ಏಕೆ ನಿಲ್ಲಬೇಕು? 1926ರ ಮೂಲ ಸೇಂಟ್ ಆಂಡ್ರೂಸ್, ಸೇಂಟ್ ಆಂಡ್ರೂಸ್‌ನ ಮೂಲ ಊರಿನ ಗೋಮಾಳ. ಅಲ್ಲಿಯತನಕ ಹೋಗಿರಿ! ಯೇಲ್‌ನ ಮೈದಾನವನ್ನು ಅಗೆದು ಕಾಳು ಬಿತ್ತಿರೆಂದು ನಾವು ಕೇಳುತ್ತಿಲ್ಲ. ಭಾನುವಾರಕ್ಕೊಂದು ದಿನ ಆಟ ನಿಲ್ಲಿಸಿ, ಬೇಲಿಯ ಬಾಗಿಲು ತೆರೆದು, ನ್ಯೂಹೇವನ್‌ನ ಜನ ಹೆಂಡತಿ ಮಕ್ಕಳೊಡನೆ ಆ ಹುಲ್ಲಿನ ಮೇಲೆ ಅಡ್ಡಾಡಲಿ. ವಾರದಲ್ಲಿ ಒಂದು ದಿನ ಊರಿನ ಶಾಲೆಯ ಮಕ್ಕಳು ಕೋಲು ಹಿಡಿದು ಆಡಲಿ. ಸ್ಕಾಟ್ಲೆಂಡಿನ ಒಂದು ಸಣ್ಣ ಊರು ಇಷ್ಟನ್ನು ಮಾಡುತ್ತಿದೆ. 4,140 ಕೋಟಿ ಡಾಲರಿನ ವಿಶ್ವವಿದ್ಯಾನಿಲಯಕ್ಕೆ ಕೈಲಾಗದೆ?

ಆ ದಿನ ರಸ್ತೆಯ ಕುಳಿಗೆ ರಸ್ತೆ ಬಂದೀತು. ಅಲ್ಲಿಯವರೆಗೆ ಆ ವಿನ್ಯಾಸಕ್ಕೆ ನಾನು ಮೇಷ್ಟ್ರಾಗಿ ಕೊಡುವ ಷರಾ ಒಂದೇ: ನಕಲು ಚೆನ್ನಾಗಿದೆ, ಮುಖ್ಯವಾದ ಸಾಲನ್ನು ಬಿಟ್ಟಿದ್ದೀರಿ, ಮತ್ತೆ ಬರೆದು ತನ್ನಿ.