ಕಷ್ಟಕಾಲದಲ್ಲಿ ದೇವರ ಮೇಲಿನ ಭರವಸೆ

ಅಂತಿಮ ಬಿ.ಎ. ವಿದ್ಯಾರ್ಥಿನಿ

ಈ ವರ್ಷ ನಮ್ಮ ಚರ್ಚಾಕೂಟದಲ್ಲಿ ‘ಕಷ್ಟಕಾಲದ ದೈವಭಕ್ತಿ ದೌರ್ಬಲ್ಯದ ಲಕ್ಷಣ’ ಎಂಬ ವಿಷಯ ಚರ್ಚೆಗೆ ಬಂದಿತ್ತು. ಪರವಾಗಿ ನಿಂತ ಗೆಳೆಯರು ಸೊಗಸಾಗಿಯೇ ಮಾತನಾಡಿದರು. ವಿರೋಧವಾಗಿ ಮಾತನಾಡಬೇಕಾಗಿದ್ದ ನಾನು ಎರಡು ನಿಮಿಷ ತಡವರಿಸಿ ಕುಳಿತುಬಿಟ್ಟೆ. ಅಂದು ನಾಲಗೆಗೆ ಬಾರದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಕ್ರೈಸ್ತಳು, ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಮೊದಲನೆಯವಳು. ಆದುದರಿಂದ ವಾಚಕರು ಪಾಂಡಿತ್ಯವನ್ನು ನಿರೀಕ್ಷಿಸಬಾರದು.

2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಬೇಲೂರು, ಹಳೇಬೀಡುಗಳನ್ನು ನೋಡಲು ಬರುವವರಲ್ಲಿ ಕೆಲವರು ಹಾಸನದಾಚೆಯ ಶೆಟ್ಟಿಹಳ್ಳಿಗೂ ಹೋಗುವುದುಂಟು. 1860ರ ಸುಮಾರಿಗೆ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಜಪಮಾಲೆ ಮಾತೆಯ ದೇವಾಲಯ ಅಲ್ಲಿದೆ. ಗೊರೂರಿನ ಬಳಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು 1979ರಲ್ಲಿ ಪೂರ್ತಿಯಾಯಿತು. ಹಿನ್ನೀರು ಊರನ್ನು ನುಂಗಿತು. ಮಳೆಗಾಲದಲ್ಲಿ ದೇವಾಲಯ ನೀರಿನಲ್ಲಿ ನಿಂತಿರುತ್ತದೆ. ಬೇಸಿಗೆಯಲ್ಲಿ ನಡೆದೇ ಒಳಗೆ ಹೋಗಬಹುದು. ಸೂರಿಲ್ಲ, ಗೋಡೆಗಳೂ ಕುಸಿಯುತ್ತಿವೆ. ಬಂದವರು ಫೋಟೋ ತೆಗೆದುಕೊಂಡು ‘ಎಷ್ಟು ಚೆಂದ!’ ಎನ್ನುತ್ತ ಹೊರಡುತ್ತಾರೆ. ನಮ್ಮ ತಾಯಿಯ ತಾಯಿ ಆ ಚೆಂದವನ್ನು ನೋಡಲಾರದೆ ಬಹುಕಾಲ ಅತ್ತ ಸುಳಿಯಲೇ ಇಲ್ಲ. ಅವರ ಮದುವೆ ನಡೆದದ್ದು ಅಲ್ಲಿ. ಅವರ ಚೊಚ್ಚಲ ಕೂಸನ್ನು ಮಣ್ಣು ಮಾಡಿದ್ದೂ ಅಲ್ಲಿಯೇ, ಈಗ ನೀರು ನಿಲ್ಲುವ ಕಡೆ.

ಊರು ಬಿಡುವ ದಿನ ಹಿರಿಯರೊಬ್ಬರು, ಎಲ್ಲವೂ ದೇವರ ಚಿತ್ತ, ಅಳಬಾರದು ಎಂದರಂತೆ. ಅಜ್ಜಿ ಸುಮ್ಮನಿರಲಿಲ್ಲ. “ಕಟ್ಟೆ ಕಟ್ಟಿದ್ದು ಸರ್ಕಾರ ಕಣಪ್ಪ, ಅದನ್ಯಾಕೆ ದೇವ್ರ ತಲೆಗೆ ಕಟ್ತೀರಿ?” ಎಂದು ಕೇಳಿದರಂತೆ. ಅದೇ ರಾತ್ರಿ, ಹೊಸ ಜಾಗದಲ್ಲಿ, ತಗಡಿನ ಸೂರಿನ ಕೆಳಗೆ, ಎಂದಿನಂತೆ ಜಪಸರ ಹೇಳಿ ಮಲಗಿದರು. ಆ ನೀರಿನಿಂದ ತುಮಕೂರು, ಮಂಡ್ಯದವರೆಗೂ ಹೊಲಗದ್ದೆಗಳು ಹಸುರಾದುವೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ, ಅಜ್ಜಿಯೂ ಅಲ್ಲಗಳೆಯರು. ಆದರೆ ಮನುಷ್ಯರು ಕಾಗದದ ಮೇಲೆ ಗೆರೆ ಎಳೆದು ಮಾಡಿದ ತೀರ್ಮಾನಕ್ಕೆ ದೇವರಿಂದ ರುಜು ಹಾಕಿಸುವುದು ಭಕ್ತಿಯೆ?

ಇದೇ ಜಿಲ್ಲೆಯ ಇನ್ನೊಂದು ಅಂಚಿನಲ್ಲಿ, ನಾವಿರುವ ಅರಸೀಕೆರೆ ಸೀಮೆಯಲ್ಲಿ, ನೀರಿಗೇ ಬರ. ಹೆಸರಿನಲ್ಲಿ ಕೆರೆಯುಂಟು, ಅಷ್ಟೆ! ಬದುಕೆಲ್ಲ ತೆಂಗಿನ ಮೇಲೆ. ನಮ್ಮ ತಂದೆಯವರು ಕೂಲಿಗೆ ಮರ ಹತ್ತಿ ಕಾಯಿ ಕೀಳುತ್ತಿದ್ದರು. ನಾನು ಎರಡನೆಯ ಪಿ.ಯು.ಸಿ.ಯಲ್ಲಿದ್ದಾಗ ಒಂದು ಬೆಳಗ್ಗೆ ಮರದಿಂದ ಬಿದ್ದರು. ಮೂರನೆಯ ದಿನ ತೀರಿಕೊಂಡರು.

ಸಂತೈಸಲು ಬಂದವರು ಅನೇಕರು. ಒಬ್ಬರು, ದೇವರಿಗೆ ಒಳ್ಳೆಯವರು ಬೇಗ ಬೇಕಾಗುತ್ತಾರೆ ಎಂದರು. ಇನ್ನೊಬ್ಬರು ಯಾರು ಮಾಡಿದ ಪಾಪವೋ ಎಂದು ನಿಟ್ಟುಸಿರುಬಿಟ್ಟರು. ಅಮ್ಮ ಗೋಡೆಯ ಕಡೆಗೆ ಮುಖ ತಿರುಗಿಸಿಕೊಂಡರು. ಪಕ್ಕದ ಮನೆಯ ಗೌಡರ ಹೆಂಡತಿ ಮಾತ್ರ ಒಂದೂ ಮಾತಾಡದೆ ಬಂದು ಒಲೆ ಹಚ್ಚಿ ಮುದ್ದೆ ತಿರುವಿ, ನಾವು ಉಣ್ಣುವವರೆಗೆ ಕುಳಿತಿದ್ದು ಹೋದರು. ಅಂದು ಬಂದವರಲ್ಲಿ ದೇವರನ್ನು ಚೆನ್ನಾಗಿ ಅರಿತವರು ಅವರೇ ಎಂದು ನನಗೆ ಈಗಲೂ ಅನ್ನಿಸುತ್ತದೆ.

ಅನಂತರ ಹಲವು ಭಾನುವಾರ ನಾನು ಪೂಜೆಗೆ ಹೋಗಲಿಲ್ಲ. ಅಜ್ಜಿ ಗದರಿಸಲಿಲ್ಲ. “ನಾನೂ ಅವನ ಮೇಲೆ ಮುನಿಸ್ಕೊಂಡಿದ್ದೆ ಕಣ್ ಮಗ. ಮಾತು ಮಾತ್ರ ಬಿಟ್ಟಿರ್ಲಿಲ್ಲ” ಎಂದರು, ಅಷ್ಟೆ.

ಬೈಬಲಿನಲ್ಲಿ ಯೋಬನ ಗ್ರಂಥವೆಂದು ಒಂದುಂಟು. ಕ್ರೈಸ್ತರಲ್ಲದ ಗೆಳೆಯರಿಗಾಗಿ ಹೇಳುತ್ತೇನೆ: ಮಕ್ಕಳನ್ನೂ ಆಸ್ತಿಯನ್ನೂ ಆರೋಗ್ಯವನ್ನೂ ಕಳೆದುಕೊಂಡ ಸಜ್ಜನನ ಕಥೆ ಅದು. ಸ್ನೇಹಿತರು ಬಂದು ಏಳು ದಿನ ಅವನೊಡನೆ ಮೌನವಾಗಿ ಕೂರುತ್ತಾರೆ. ಬಾಯಿ ತೆರೆದ ಮೇಲೆ ಕೆಟ್ಟಿತು: ನಿನ್ನ ಪಾಪವೇ ಕಾರಣವೆಂದು ವಾದಿಸತೊಡಗುತ್ತಾರೆ. ಯೋಬ ದೇವರೊಡನೆಯೇ ನ್ಯಾಯಕ್ಕೆ ನಿಲ್ಲುತ್ತಾನೆ. ಕಡೆಯಲ್ಲಿ ದೇವರ ಕೋಪ ದೂರಿದ ಯೋಬನ ಮೇಲಲ್ಲ, ದೇವರ ಪರವಾಗಿ ವಕೀಲಿ ಮಾಡಿದ ಆ ಸ್ನೇಹಿತರ ಮೇಲೆ. ಆದರೂ ಯೋಬನಿಗೆ ಕಾರಣ ತಿಳಿಯುವುದಿಲ್ಲ. ಶಿಲುಬೆಯ ಮೇಲೆ ಯೇಸುಸ್ವಾಮಿಯವರೂ ತಂದೆಯನ್ನು ಕೂಗಿ ಪ್ರಶ್ನಿಸಿದರು. ಅಲ್ಲಿಯೂ ಉತ್ತರ ಕೇಳಿಸಲಿಲ್ಲ.

ಕಾರಣ ತಿಳಿಯದ ಮೇಲೆ ಭರವಸೆ ಏತಕ್ಕೆ ಎಂದು ಗೆಳೆಯರು ಕೇಳಿದ್ದರು. ಕಾರಣ ತಿಳಿದ ಮೇಲೆ ಭರವಸೆಯ ಅಗತ್ಯವಾದರೂ ಏನು? ಅಮ್ಮ ಈಗ ಕೊಬ್ಬರಿ ಸುಲಿಯುವ ಕೆಲಸಕ್ಕೆ ಹೋಗಿ ನನ್ನನ್ನು ಓದಿಸುತ್ತಿದ್ದಾರೆ. ಬಿ.ಎ. ಮುಗಿದರೆ ಕೆಲಸ ಸಿಕ್ಕುತ್ತದೆಯೆ ಎಂಬುದಕ್ಕೆ ಅವರ ಬಳಿ ಪುರಾವೆಯಿಲ್ಲ, ನನ್ನ ಬಳಿಯೂ ಇಲ್ಲ. ಇದನ್ನು ದೌರ್ಬಲ್ಯವೆನ್ನುವವರು ಒಂದು ದಿನ ಅವರ ಜೊತೆ ಕೂತು ಕಾಯಿ ಸುಲಿದು ನೋಡಬೇಕು.

ಒಂದು ಮಾತಿನಲ್ಲಿ ಮಾತ್ರ ಗೆಳೆಯರು ಗೆದ್ದರು, ಒಪ್ಪುತ್ತೇನೆ. ‘ದೇವರಿದ್ದಾನೆ’ ಎಂದು ಕೈಕಟ್ಟಿ ಕೂರುವುದು ನಮ್ಮಲ್ಲಿ ಬಹಳ. ತೆಂಗಿನ ಮರ ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ ವಿಮೆಯುಂಟೆಂಬುದು ನಮಗೆ ತಿಳಿದದ್ದು ತಂದೆ ಹೋದ ಮೇಲೆ. ಅದು ದೇವರ ಚಿತ್ತವಲ್ಲ, ನಮ್ಮ ಅಜ್ಞಾನ. ಈಗ ನಮ್ಮ ಬೀದಿಯಲ್ಲಿ ಮರ ಹತ್ತುವ ನಾಲ್ವರಿಗೆ ಅರ್ಜಿ ತುಂಬಿಕೊಟ್ಟಿದ್ದೇನೆ.

ಹಳೇಬೀಡಿಗೆ ಪ್ರವಾಸ ಹೋದಾಗ ಅಧ್ಯಾಪಕರು, 1311ರಲ್ಲಿ ಮಲಿಕ್ ಕಾಫೂರನ ದಂಡು ಬಂದ ದೋರಸಮುದ್ರವೇ ಮುಂದೆ ಹಾಳಾಗಿ ಹಳೆಯ ಬೀಡು ಎನಿಸಿಕೊಂಡಿತೆಂದು ಹೇಳಿದರು. ಆದ ಹಾಳನ್ನು ಜನ ಮುಚ್ಚಿಡದೆ ಊರಿನ ಹೆಸರಿನಲ್ಲೇ ಇಟ್ಟುಕೊಂಡರಲ್ಲ, ಅದು ನನಗೆ ಹಿಡಿಸಿತು. ನಮ್ಮ ಪ್ರಾರ್ಥನೆಗಳಲ್ಲಿ ಅಷ್ಟು ಪ್ರಾಮಾಣಿಕತೆ ಇರುತ್ತದೆಯೆ?

ಕಳೆದ ಬೇಸಿಗೆಯಲ್ಲಿ ಅಜ್ಜಿ ತಾವಾಗಿಯೇ ಶೆಟ್ಟಿಹಳ್ಳಿಗೆ ಕರೆದುಕೊಂಡು ಹೋಗೆಂದರು. ಬಿರುಕುಬಿಟ್ಟ ಕೆಸರಿನ ಮೇಲೆ ನನ್ನ ಕೈಹಿಡಿದು ನಡೆದು, ಕೂಸಿನ ಜಾಗವನ್ನು ಬಹಳ ಹೊತ್ತು ಹುಡುಕಿದರು. ಸಿಕ್ಕಲಿಲ್ಲ. ಕೊನೆಗೆ ದೇವಾಲಯದೊಳಗೆ ಪೀಠವಿದ್ದ ಕಡೆ ಮಂಡಿಯೂರಿ ಸೊಂಟದಿಂದ ಜಪಸರ ತೆಗೆದರು. ಫೋಟೋ ತೆಗೆಯುತ್ತಿದ್ದ ಹುಡುಗರು ತಾವಾಗಿಯೇ ಪಕ್ಕಕ್ಕೆ ಸರಿದರು. ಜಪ ಮುಗಿದ ಮೇಲೆ ಅಜ್ಜಿ ತಲೆಯೆತ್ತಿ, ಸೂರಿಲ್ಲದ ಆ ಬಯಲಿನ ಕಡೆ ನೋಡಿ, ಯಾರನ್ನೋ ತರಾಟೆಗೆ ತೆಗೆದುಕೊಳ್ಳುವಂತೆ ಬಹಳ ಹೊತ್ತು ಏನನ್ನೋ ಗೊಣಗುತ್ತಿದ್ದರು.