ಓನರಿನ ತಂಗಿ ಮಗ

ಪೂರ್ವಕ್ಕೆ ಬಾಗಿಲು, ಎರಡು ಕಡೆ ಕಿಟಕಿ, ಬಾಲ್ಕನಿ, ಕಾವೇರಿ ನೀರು, ಲಿಫ್ಟು. ಕೋರಮಂಗಲದ ಒಂದು ಬೆಡ್‌ರೂಮಿನ ಫ್ಲ್ಯಾಟನ್ನು ಬ್ರೋಕರ್ ಬಣ್ಣಿಸುವುದು ಕೇಳಿದರೆ ಸೂರ್ಯನನ್ನೂ ಓನರೇ ದುಡ್ಡು ಕೊಟ್ಟು ತರಿಸಿದ್ದಾರೆ ಅನ್ನಿಸಬೇಕು. ಬೆಳಕೇನೋ ಇದೆ. ಆ ಬೆಳಕಿನಲ್ಲಿ ಕೂರಲು ಯಾರು ಯೋಗ್ಯರು ಎಂಬ ಪರೀಕ್ಷೆ ಹೊಸ್ತಿಲಲ್ಲೇ ನಡೆಯುತ್ತದೆ.

ಜಾತಿ ಯಾರೂ ಕೇಳುವುದಿಲ್ಲ. ಅಷ್ಟು ದಡ್ಡರಲ್ಲ. ‘ಯಾವ ಕಡೆಯವ್ರು ನೀವು?’ ‘ಮನೆದೇವ್ರು ಯಾವ್ದು?’ ‘ಮನೇಲಿ ನಾನ್‌ವೆಜ್ ಮಾಡ್ತೀರಾ?’ ಇಷ್ಟಕ್ಕೆ ಉತ್ತರ ಸಿಕ್ಕರೆ ತಹಸೀಲ್ದಾರರ ಸರ್ಟಿಫಿಕೇಟೇ ಬೇಡ. ಸಂಜೆಗೆ ಫೋನು: ‘ಬೇಜಾರು ಮಾಡ್ಕೋಬೇಡಿ, ಊರಿಂದ ನಮ್ಮ ತಂಗಿ ಮಗ ಬರ್ತಾನಂತೆ, ಮನೆ ಅವನಿಗೇ ಬೇಕಂತೆ.’ ಈ ತಂಗಿ ಮಗನನ್ನು ನಾನು ಬಲ್ಲೆ. ಜಯನಗರದಲ್ಲೂ ಅವನೇ ಬಂದ, ಮಲ್ಲೇಶ್ವರದಲ್ಲೂ ಅವನೇ ಬಂದ. ಊರು ತುಂಬ ಮನೆ ಹಿಡಿದಿರುವ ಅವನ ಮುಖವನ್ನು ಮಾತ್ರ ಇವತ್ತಿನವರೆಗೆ ಯಾರೂ ಕಂಡಿಲ್ಲ.

1917ರಲ್ಲಿ, ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿ ಬಂದ ಅಂಬೇಡ್ಕರ್‌ಗೆ ಬರೋಡದಲ್ಲಿ ಬಾಡಿಗೆಗೆ ಒಂದು ಕೋಣೆ ಸಿಗಲಿಲ್ಲ. ಪಾರ್ಸಿ ವಸತಿಗೃಹದಲ್ಲಿ ಪಾರ್ಸಿ ಹೆಸರು ಬರೆಸಿ ಉಳಿದರು. ಗುಟ್ಟು ರಟ್ಟಾದಾಗ ಕೋಲು ಹಿಡಿದ ಗುಂಪು ಬಂದು ಹೊರಹಾಕಿತು. ಈಗ ಕೋಲಿಲ್ಲ, ತಂಗಿ ಮಗನಿದ್ದಾನೆ.

ಕಾನೂನಿದೆಯಲ್ಲ ಎನ್ನುತ್ತೀರಿ. ಇದೆ. ಅಸ್ಪೃಶ್ಯತೆಯ ಹೆಸರಲ್ಲಿ ಯಾವುದೇ ಬಡಾವಣೆಯಲ್ಲಿ ಯಾರ ವಾಸಕ್ಕಾದರೂ ಅಡ್ಡಿಪಡಿಸುವುದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಇಲ್ಲದ ತಂಗಿ ಮಗನ ಮೇಲೆ ಯಾವ ಸ್ಟೇಷನ್ನಿನಲ್ಲಿ ಎಫ್‌ಐಆರ್ ಹಾಕಿಸಲಿ? ಅತ್ತ 2005ರಲ್ಲಿ, ತನ್ನ ಸಮುದಾಯದವರಿಗಷ್ಟೇ ಸದಸ್ಯತ್ವ ಎಂಬ ಗುಜರಾತಿನ ಗೃಹ ಸಹಕಾರ ಸಂಘವೊಂದರ ನಿಯಮವನ್ನು ಸುಪ್ರೀಂ ಕೋರ್ಟೇ ಎತ್ತಿಹಿಡಿಯಿತು. ಬೇಲಿ ಹಾಕುವವರಿಗೆ ಇನ್ನೇನು ಬೇಕು?

ಆ ಚೆಂದದ ಬಾಲ್ಕನಿಯಿಂದ ಸ್ವಲ್ಪ ಆಚೆ ನೋಡಿ ಸ್ವಾಮಿ. 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆಂದು ಕಟ್ಟಿದ ಗೇಮ್ಸ್ ವಿಲೇಜ್ ಇಂದಿಗೂ ಗಟ್ಟಿಯಾಗಿ ನಿಂತಿದೆ. ಅದರ ಮಗ್ಗುಲಲ್ಲೇ ಈಜಿಪುರ. ಬಡವರಿಗೆಂದು ಪಾಲಿಕೆ ಕಟ್ಟಿಸಿದ ಕ್ವಾರ್ಟರ್ಸ್ ಮಾತ್ರ ಕುಸಿಯಿತು. ಒಂದೇ ಮಣ್ಣು, ಒಂದೇ ಮಳೆ. ಹಾಗಾದರೆ ಸಿಮೆಂಟು ಎಲ್ಲಿ ಹೋಯಿತು? ತಗಡಿನ ಶೆಡ್ಡುಗಳಲ್ಲಿ ಹೊಸ ಮನೆಗೆ ಕಾದಿದ್ದವರ ಮೇಲೆ 2013ರ ಜನವರಿಯ ಚಳಿಯಲ್ಲಿ ಬುಲ್ಡೋಜರ್ ಬಂತು. ಸಾವಿರಕ್ಕೂ ಹೆಚ್ಚು ಕುಟುಂಬ ಬೀದಿಗೆ ಬಿತ್ತು. ಬಡವರ ಆ ಜಾಗದಲ್ಲಿ ಮಾಲ್‌ಗೂ ಪಾಲು ಬರೆದಾಗಿತ್ತು. ಎಷ್ಟೋ ಮಂದಿ ಫುಟ್‌ಪಾತಿನಲ್ಲಿ ಮಕ್ಕಳನ್ನು ಮಲಗಿಸಿಕೊಂಡು ತಿಂಗಳುಗಟ್ಟಲೆ ಕಳೆದರು. ಬೆಳಿಗ್ಗೆ ಎದ್ದು ಅದೇ ಹೆಂಗಸರು ಇದೇ ಕೋರಮಂಗಲದ ಮನೆಗಳಿಗೆ ಪಾತ್ರೆ ತೊಳೆಯಲು ಹೋದರು. ಒಂದು ದಿನ ರಜೆ ಹಾಕಿದರೆ ಸಂಬಳ ಮುರಿಯುತ್ತಾರಲ್ಲ!

ನಿಮ್ಮ ಕಿಟಕಿಯ ಗಾಜು ಉಜ್ಜಿ ಆ ಬೆಳಕನ್ನು ಒಳಗೆ ಬಿಡುವವಳು ಅವಳೇ. ಅವಳು ಗುಡಿಸಬಹುದು, ಒರೆಸಬಹುದು, ಕಕ್ಕಸು ತೊಳೆಯಬಹುದು, ಮಗುವಿಗೆ ಅನ್ನ ತಿನ್ನಿಸಬಹುದು. ಅವಳ ಲೋಟ ಬೇರೆ. ಕೆಲವು ಅಪಾರ್ಟ್‌ಮೆಂಟುಗಳಲ್ಲಿ ಲಿಫ್ಟೂ ಬೇರೆ.

ಓನರ್ ಸಾಹೇಬರೇ, ನನ್ನ ವಿಷಯ ಬಿಡಿ. ಆ ಫ್ಲ್ಯಾಟು ಅವಳಿಗೆ ಕೊಡ್ತೀರಾ? ಹತ್ತು ತಿಂಗಳ ಅಡ್ವಾನ್ಸು ನಾವು ಹೊಂದಿಸ್ತೇವೆ. ಭಾನುವಾರ ಮೀನುಸಾರು ಮಾಡ್ತಾಳೆ, ಈಗಲೇ ಹೇಳಿದ್ದೇನೆ.