ಮತಾಂತರವೂ ಮಾನಸಾಂತರವೂ

ಮತಾಂತರದ ಮಾತು ಬಂದೊಡನೆ ನಮ್ಮ ಊರುಗಳ ವಾಚನಾಲಯಗಳಲ್ಲಿ ವಾದವು ಕಾವೇರುವದು. ಎಷ್ಟು ಜನರು ಹೋದರೆಂದು ಒಬ್ಬರು ಎಣಿಸುವರು. ಎಷ್ಟು ಜನರು ಬಂದರೆಂದು ಇನ್ನೊಬ್ಬರು ಎಣಿಸುವರು. ಉಭಯ ಪಕ್ಷದವರ ಕೈಯಲ್ಲಿರುವದು ಒಂದೇ ಪಟ್ಟಿ. ಕ್ರೈಸ್ತಶಾಸ್ತ್ರವಾದರೋ ಆ ಪಟ್ಟಿಗಿಂತ ಮೊದಲು ಬೇರೊಂದನ್ನು ಕೇಳುತ್ತದೆ. ಗ್ರೀಕ್ ಭಾಷೆಯ ಹೊಸ ಒಡಂಬಡಿಕೆಯಲ್ಲಿ ಅದಕ್ಕೆ 'ಮೆಟನೋಯಾ' ಎಂದು ಹೆಸರು. ಬುದ್ಧಿಯು ತಿರುಗುವದೆಂದು ಅರ್ಥ. ಕನ್ನಡ ಕ್ರೈಸ್ತರು ಅದಕ್ಕೆ 'ಮಾನಸಾಂತರ'ವೆಂಬ ಅಂದವಾದ ಪದವನ್ನು ಬಳಸಿರುವರು. ಪಶ್ಚಾತ್ತಾಪವೆಂಬ ಶಬ್ದದಲ್ಲಿ ಹಿಂದಿನದಕ್ಕಾಗಿ ಬೇಯುವ ತಾಪವಿದೆ. ಮಾನಸಾಂತರದಲ್ಲಿ ಮುಂದಿನ ಹೆಜ್ಜೆ ಎತ್ತ ಎಂಬ ಪ್ರಶ್ನೆಯೂ ಸೇರಿದೆ. ಶಾಲಾ ಮಾಸ್ತರರು ಈ ಭೇದವನ್ನು ಹುಡುಗರಿಗೆ ತಿಳಿಸಿದರೆ ಅರ್ಧ ವಾದವು ತಾನಾಗಿಯೇ ತಣ್ಣಗಾದೀತು.

ಭಕ್ತಿಯು ಬಂದ ಮೇಲೆಯೂ ಮನಸ್ಸು ತಿರುಗಲು ಎಷ್ಟು ಕಾಲ ಹಿಡಿದೀತೆಂಬುದಕ್ಕೆ ಇಂಗ್ಲಂಡದ ಜಾನ್ ನ್ಯೂಟನ್ನನ ಚರಿತ್ರೆಗಿಂತ ಸ್ಪಷ್ಟವಾದ ಉದಾಹರಣೆಯು ನಮಗೆ ಕಾಣದು. 1725ರಲ್ಲಿ ಲಂಡನ್ನಿನಲ್ಲಿ ಜನಿಸಿದ ಇವನು ಹುಟ್ಟಿನಿಂದ ಕ್ರೈಸ್ತನೇ. ಆದರೆ ತಾರುಣ್ಯದಲ್ಲಿ ದೇವರನ್ನು ಹಳಿಯುವದರಲ್ಲಿ ಒರಟು ಖಲಾಸಿಗಳನ್ನೂ ಮೀರಿಸಿದವನು. 1748ರ ಮಾರ್ಚ್ ತಿಂಗಳಲ್ಲಿ ಉತ್ತರ ಅಟ್ಲಾಂಟಿಕ್ ಸಮುದ್ರದಲ್ಲಿ ಇವನಿದ್ದ ಹಡಗು ಬಿರುಗಾಳಿಗೆ ಸಿಕ್ಕಿ ಒಡೆಯಿತು. ತುಂಬುತ್ತಿದ್ದ ನೀರನ್ನು ಗಂಟೆಗಟ್ಟಲೆ ಹೊರಹಾಕಿ ದಣಿದವನ ಬಾಯಿಂದ ದೇವರ ಕರುಣೆಯ ಮಾತು ಹೊರಟಿತು. ಆ ದಿನವನ್ನು ಅವನು ಕಡೆಯ ವರೆಗೂ ವರ್ಷ ವರ್ಷವೂ ಪ್ರಾರ್ಥನೆಯಿಂದ ನೆನೆದನು. ಕಥೆ ಹೇಳುವವರು ಸಾಮಾನ್ಯವಾಗಿ ಇಲ್ಲಿಯೇ ಮಂಗಳ ಹಾಡಿಬಿಡುವರು.

ಮುಂದೆ ಆದದ್ದೇನು? 1750ರಿಂದ 1754ರ ವರೆಗೆ ಅವನು ಗುಲಾಮರನ್ನು ಸಾಗಿಸುವ ಹಡಗುಗಳ ಕಪ್ತಾನನಾಗಿ ಮೂರು ಸಲ ಆಫ್ರಿಕೆಗೆ ಹೋದನು. ಮೇಲೆ ಆದಿತ್ಯವಾರದ ಪ್ರಾರ್ಥನೆ. ಕೆಳಗೆ ಸಂಕೋಲೆಯಲ್ಲಿ ಬಿದ್ದ ಮನುಷ್ಯರು. ದಂಗೆಯ ಸಂಶಯ ಬಂದಾಗ ಹುಡುಗರ ಹೆಬ್ಬೆರಳುಗಳನ್ನು ತಿರುಪಿನಲ್ಲಿ ಅಮುಕಿಸಿ ಬಾಯಿ ಬಿಡಿಸಿದ್ದನ್ನು ಅವನ ದಿನಚರಿಯೇ ಹೇಳುತ್ತದೆ. ಆ ಉದ್ಯೋಗವನ್ನು ಬಿಡಿಸಿದ್ದು ಮನಸ್ಸಾಕ್ಷಿಯಲ್ಲ, ದೇಹದ ಬೇನೆ. 1764ರಲ್ಲಿ ಪಾದ್ರಿಯಾದನು. 1779ರಲ್ಲಿ ಅಚ್ಚಾದ ಓಲ್ನಿಯ ಗೀತಸಂಗ್ರಹದಲ್ಲಿ ಅವನ 'ಅಮೇಜಿಂಗ್ ಗ್ರೇಸ್' ಹೊರಬಂದಿತು. ಅದನ್ನು ಲೋಕವೆಲ್ಲ ಹಾಡಿದೆ. ಅಷ್ಟು ಹೊತ್ತಿಗೂ ಅವನು ಆ ವ್ಯಾಪಾರದ ವಿರುದ್ಧ ಬಹಿರಂಗವಾಗಿ ನಿಂತಿರಲಿಲ್ಲ. ಅರುವತ್ತು ದಾಟಿದ ಮೇಲೆ, 1788ರಲ್ಲಿ, ತಾನು ಕಣ್ಣಾರೆ ಕಂಡ ಮತ್ತು ಕೈಯಾರೆ ಮಾಡಿದ ಕ್ರೌರ್ಯವನ್ನೆಲ್ಲ ಒಂದು ಪುಸ್ತಿಕೆಯಲ್ಲಿ ಬರೆದು, ಈ ಒಪ್ಪಿಗೆಯು ತಡವಾಯಿತೆಂದು ತಾನೇ ನುಡಿದನು. ಬಿರುಗಾಳಿಯಿಂದ ಪುಸ್ತಿಕೆಯ ವರೆಗೆ ನಲವತ್ತು ವರ್ಷ! ಬಳಿಕ ಪಾರ್ಲಿಮೆಂಟಿನ ಮುಂದೆ ಸಾಕ್ಷಿ ನುಡಿದನು, ವಿಲ್ಬರ್‌ಫೋರ್ಸನಿಗೆ ಬೆಂಬಲವಾದನು. 1807ರಲ್ಲಿ ಬ್ರಿಟಿಷರ ಗುಲಾಮ ವ್ಯಾಪಾರವನ್ನು ನಿಲ್ಲಿಸುವ ಕಾಯಿದೆಯಾಯಿತು. ಅದೇ ವರ್ಷದ ಡಿಸೆಂಬರದಲ್ಲಿ ಅವನು ತೀರಿಕೊಂಡನು.

ಅವನನ್ನು ಢೋಂಗಿಯೆಂದು ಕರೆಯಲು ನಾವು ಒಪ್ಪುವದಿಲ್ಲ. ಬಯ್ಗುಳವನ್ನು ಪಾಪವೆಂದು ಅವನ ಕಾಲವು ಹೇಳಿತ್ತು, ಅದನ್ನು ಬಿಟ್ಟನು. ಮನುಷ್ಯರನ್ನು ಮಾರುವದು ಪಾಪವೆಂದು ಅವನ ಸುತ್ತಲಿನ ಸಭ್ಯರು ಹೇಳಿರಲಿಲ್ಲ. ಅದು ಅವನ ಕಣ್ಣಿಗೆ ಬೀಳಲಿಲ್ಲ. ಲೂಕನ ಸುವಾರ್ತೆಯ ಸುಂಕದ ಜಕ್ಕಾಯನು ತಾನು ಮೋಸದಿಂದ ಕಸಿದದ್ದಕ್ಕೆ ನಾಲ್ಮಡಿ ಹಿಂದಿರುಗಿಸುವೆನೆಂದನು. ನ್ಯೂಟನ್ನನು ಯಾರಿಗೆ ಏನನ್ನು ಹಿಂದಿರುಗಿಸಬಲ್ಲನು? ಅವನು ಮಾರಿದವರು ಸಮುದ್ರದಾಚೆ ಮಣ್ಣುಗೂಡಿದ್ದರು.

ನಮ್ಮ ಕಡೆಗೆ ಬರೋಣ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರಿಂದ ದೀಕ್ಷಾಸ್ನಾನ ಪಡೆದ ಅನೇಕರಿಗೆ ಮನೆಯೂ ತಪ್ಪಿತು, ಕಸಬೂ ತಪ್ಪಿತು. ಅಂಥವರಿಗೆ ಅನ್ನ ಒದಗಿಸಲು ಮಿಶನ್ನು ಮಗ್ಗಗಳನ್ನು ಹೂಡಿತು. 1865ರಲ್ಲಿ ಹಂಚಿನ ಕಾರಖಾನೆಯನ್ನೂ ತೆರೆಯಿತು. ಆಗ 'ಹೊಟ್ಟೆಗಾಗಿ ಹೋದರು' ಎಂಬ ಆಡಿಕೆಯು ಸುಲಭವಾಯಿತು. ಹೊಟ್ಟೆಯ ಮೇಲೆ ಹೊಡೆದವರೇ ಹಾಗೆ ಆಡಿಕೊಂಡದ್ದು ವಿಚಿತ್ರ. ಕೂಲಿ ಕೊಡುವ ಮಿಶನ್ನಿಗೂ ಆ ಮನುಷ್ಯನ ಅಂತರಂಗವನ್ನು ಅಳೆಯುವದು ಸುಲಭವಲ್ಲವೆಂಬುದನ್ನು ನಾವು ಬಲ್ಲೆವು. ಆಸೆ ತೋರಿಸಿ ಪಡೆದ ದೀಕ್ಷೆಯನ್ನು ನಾವು ಮೆಚ್ಚಲಾರೆವು. ಭಯದಿಂದ ತಡೆದ ದೀಕ್ಷೆಯನ್ನೂ ಮೆಚ್ಚಲಾರೆವು. ಆದರೆ ಕೆರೆಯ ನೀರನ್ನು ಮುಟ್ಟಗೊಡದ ಊರು, ಆ ಕೇರಿಯವನೊಬ್ಬನು ಇಗರ್ಜಿಯ ಮೆಟ್ಟಲೇರಿದ ಮರುದಿನ ಧರ್ಮಹಾನಿಯಾಯಿತೆಂದು ಸಭೆ ಕೂಡಿಸಿದರೆ, ಪಶ್ಚಾತ್ತಾಪವು ಯಾರಿಗೆ ಆಗತಕ್ಕದ್ದೆಂದು ಆ ಸಭೆಯಲ್ಲಿ ಒಬ್ಬರಾದರೂ ಎದ್ದು ಕೇಳಬೇಡವೆ?